499 ಎಂಬ ಷರಾ

ಸರ್ವರ್ ಲಾಗ್ ಓದುವ ಚಟ ಹತ್ತಿದವರ ಕಣ್ಣು 200ರ ಸಾಲುಗಳ ಮೇಲೆ ನಿಲ್ಲುವುದಿಲ್ಲ. 500 ಕಂಡರೆ ಬೆವರು, 404 ಕಂಡರೆ ಉದಾಸೀನ. ನನ್ನ ಮಟ್ಟಿಗೆ ರುಚಿ ಇರುವುದು 499ರಲ್ಲಿ. ಎಚ್‌ಟಿಟಿಪಿಯ ಅಧಿಕೃತ ಪಟ್ಟಿಯಲ್ಲಿ ಈ ಸಂಖ್ಯೆಯೇ ಇಲ್ಲ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತನ್ನ ದಫ್ತರಕ್ಕೆಂದು ತಾನೇ ಹುಟ್ಟಿಸಿಕೊಂಡ ಷರಾ ಅದು: ಕೇಳಿದವರು ಉತ್ತರ ಬರುವ ಮೊದಲೇ ಎದ್ದುಹೋದರು. ಯಾವ ಬ್ರೌಸರಿಗೂ ಅದು ತಲುಪುವುದಿಲ್ಲ. ತಲುಪಿಸೋಣವೆಂದರೆ ಆ ತುದಿಯಲ್ಲಿ ಯಾರಿದ್ದಾರೆ? ಅಮೆಜಾನ್‌ನ ಲೋಡ್ ಬ್ಯಾಲೆನ್ಸರ್ ಇಂಥದ್ದಕ್ಕೇ 460 ಎಂದು ಬರೆದುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮನೆಮನೆಯಲ್ಲೂ ಇದು ನಡೆಯುತ್ತದೆ. ನೋಂದಣಿ ಸಂಖ್ಯೆ ಹಾಕಿಯಾಯಿತು, ಪುಟ ತೆರೆಯುತ್ತಿಲ್ಲ. ಹುಡುಗಿ ರಿಫ್ರೆಶ್ ಒತ್ತುತ್ತಾಳೆ. ಹಿಂದೆ ನಿಂತ ಮಾವ "ಇನ್ನೊಂದ್ಸಲ ಒತ್ತಮ್ಮ" ಅನ್ನುತ್ತಾರೆ. ಒತ್ತಿದಾಗಲೆಲ್ಲ ಬ್ರೌಸರ್ ಹಳೆಯ ರಿಕ್ವೆಸ್ಟನ್ನು ಕೈಬಿಟ್ಟು ಹೊಸದನ್ನು ಕಳಿಸುತ್ತದೆ. ಕೈಬಿಟ್ಟ ಸುದ್ದಿ ಹಿಂದಿರುವ ಡೇಟಾಬೇಸಿಗೆ ಮುಟ್ಟುವ ಖಾತ್ರಿಯಿಲ್ಲ. ಅದು ಯಾರಿಗೂ ಬೇಡವಾದ ಉತ್ತರ ಹುಡುಕುತ್ತ ಕೂತಿರುತ್ತದೆ, ಹೊಸ ರಿಕ್ವೆಸ್ಟ್ ಅದರ ಬೆನ್ನಿಗೆ ಸರದಿ ನಿಂತಿರುತ್ತದೆ.

ಅತ್ತ ಕಡೆಯವರು ಫೋನ್ ಇಟ್ಟದ್ದು ತಿಳಿಯದೆ ಮಾತು ಮುಂದುವರಿಸುವವರನ್ನು ನೋಡಿದ್ದೀರಲ್ಲ, ಸರ್ವರ್ ಪಾಡೂ ಅದೇ. ಬರೆಯಲು ಹೋಗುವವರೆಗೆ ಎಷ್ಟೋ ಸಲ ಅದಕ್ಕೆ ಸಂಗತಿ ಗೊತ್ತಾಗದು. ಮೊದಲ ಬರವಣಿಗೆಯನ್ನು ಆಪರೇಟಿಂಗ್ ಸಿಸ್ಟಮ್ ತನ್ನ ಬಫರಿಗೆ ಹಾಕಿಕೊಂಡು ಸುಮ್ಮನಿರುತ್ತದೆ. ಆ ತುದಿಯಿಂದ "ಇಲ್ಲಿ ಯಾರೂ ಇಲ್ಲ" ಎಂಬ ರೀಸೆಟ್ ಬಂದ ಮೇಲೆ, ಮತ್ತೆ ಬರೆದಾಗ ತಾನೇ "ಬ್ರೋಕನ್ ಪೈಪ್". ಹೀಗಾಗಿ ಒಂದೇ ಗುಕ್ಕಿನಲ್ಲಿ ಹೋಗಿಬಿಡುವ ಪುಟ್ಟ ಉತ್ತರಗಳಿಗೆ ಎಷ್ಟೋ ಬಾರಿ ಎರರ್ರೇ ಹುಟ್ಟುವುದಿಲ್ಲ, ದೊಡ್ಡ ಪಿಡಿಎಫ್ ಮಾತ್ರ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಬ್ರೋಕನ್ ಪೈಪ್‌ಗಳನ್ನು ಎಣಿಸಿ ಇಷ್ಟೇ ಮಂದಿ ಎದ್ದುಹೋದರು ಅನ್ನುವಂತಿಲ್ಲ.

ಈ ಎರರ್‌ಗಳಿಗೆ ಹೊಸಬರು ಮಾಡುವುದು ಎರಡೇ: ಒಂದೊಂದಕ್ಕೂ ರಾತ್ರಿ ಎರಡು ಗಂಟೆಗೆ ಅಲಾರಾಂ ಹೊಡೆಸುವುದು, ಇಲ್ಲವೇ ಎಲ್ಲವನ್ನೂ ಒಂದು ಕ್ಯಾಚ್‌ನಲ್ಲಿ ನುಂಗಿಸಿಬಿಡುವುದು. ಎರಡನೆಯದು ಹೆಚ್ಚು ಅಪಾಯ. ಜಾವಾ ಸರ್ವರ್ ಟಾಮ್‌ಕ್ಯಾಟ್‌ನ ಕ್ಲೈಂಟ್ ಅಬಾರ್ಟ್ ಎಕ್ಸೆಪ್ಷನ್ ಐಒ ಎಕ್ಸೆಪ್ಷನ್ನಿನ ಸಂತಾನ. ತಾಯಿಯನ್ನೇ ಹಿಡಿದು ಬಾಯಿ ಮುಚ್ಚಿಸಿದರೆ ಡಿಸ್ಕ್ ತುಂಬಿದ ದೂರೂ ಕೇಳಿಸದು. ಇನ್ನೊಂದು ಸೂಕ್ಷ್ಮ: ನಮ್ಮ ಸರ್ವರ್ ಡೇಟಾಬೇಸಿಗೆ ತಾನೇ ಗಿರಾಕಿ. ಆ ಸಂಪರ್ಕ ಕಡಿದರೂ ಲಾಗ್‌ನಲ್ಲಿ ಬೀಳುವುದು ಅದೇ ಬ್ರೋಕನ್ ಪೈಪ್. ಪದ ನೋಡಿ ಸೋಸಬೇಡಿ, ಯಾವ ಸಾಕೆಟ್ ಎಂದು ನೋಡಿ. ಹೋದವರಿಗೆ 500ರ ಪುಟ ಕಳಿಸುವ ಸೌಜನ್ಯವೂ ಬೇಡ, ಅದು ಇನ್ನೊಂದು ಎರರ್ ಹೆರುತ್ತದೆ.

ಗಿರಾಕಿ ಎದ್ದುಹೋದಾಗ ನಡೆಯುತ್ತಿದ್ದದ್ದು ಬರೀ ಓದುವ ಕೆಲಸವಾದರೆ ಅಲ್ಲೇ ನಿಲ್ಲಿಸುವುದು ಲೇಸು. ಗೋ ಭಾಷೆಯಲ್ಲಿ ರಿಕ್ವೆಸ್ಟಿನ ಕಾಂಟೆಕ್ಸ್ಟನ್ನು ಕ್ವೆರಿಯವರೆಗೂ ದಾಟಿಸಿದರಾಯಿತು. ಏಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ರಿಕ್ವೆಸ್ಟ್ ಅಬಾರ್ಟೆಡ್ ಟೋಕನ್ ಇದೆ. ಕ್ವೆರಿ ಓಡುತ್ತಿರುವಾಗಲೇ ತನ್ನ ಗಿರಾಕಿ ಇದ್ದಾನೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳುವ ಸೆಟ್ಟಿಂಗ್ ಪೋಸ್ಟ್‌ಗ್ರೆಸ್ ಡೇಟಾಬೇಸಿನ 2021ರ 14ನೇ ಆವೃತ್ತಿಯಲ್ಲಿ ಬಂತು. ನಾವು ಹಚ್ಚದಿದ್ದರೆ ಅದು ಆಫ್.

ಹಣದ ವಿಷಯ ಬೇರೆ. ಖಾತೆಯಿಂದ ದುಡ್ಡು ಹೊರಟ ಮೇಲೆ ಗಿರಾಕಿಯ ಸಿಗ್ನಲ್ ಆಗುಂಬೆ ಘಾಟಿಯಲ್ಲಿ ಹೋಯಿತೆಂದು ಕೆಲಸ ಅರ್ಧಕ್ಕೆ ಬಿಡುವುದು ದ್ರೋಹ. ಮುಗಿಸಬೇಕು, ಬರೆದಿಡಬೇಕು. ಅವನು ವಾಪಸು ಬಂದು ಮತ್ತೆ ಒತ್ತಿದಾಗ ಹಳೆಯ ಉತ್ತರವನ್ನೇ ಕೊಡಬೇಕು. ಸ್ಟ್ರೈಪ್‌ನಂಥ ಪಾವತಿ ಸಂಸ್ಥೆಗಳು ಪ್ರತಿ ಪಾವತಿಗೂ ಐಡೆಂಪೊಟೆನ್ಸಿ ಕೀ ಎಂಬ ಗುರುತು ಅಂಟಿಸಲು ಹೇಳುವುದು ಇದಕ್ಕೇ. ಅಂದಹಾಗೆ, ಗಿರಾಕಿ ಹೋದೊಡನೆ ಹಿಂದಿನ ಅಪ್ಲಿಕೇಶನ್ನಿನ ಸಂಪರ್ಕವನ್ನೂ ಕಡಿಯುವುದು ಎಂಜಿನ್‌ಎಕ್ಸ್‌ನ ಹುಟ್ಟುಗುಣ. ಪಾವತಿಯ ದಾರಿಗೆ ಇದು ಹೊಂದುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಇನ್ನು 499ರ ಪಕ್ಕದ ಸಮಯದ ಕಾಲಂ. ಎರಡು ಸೆಕೆಂಡು, ಏಳು, ಹನ್ನೊಂದು ಎಂದು ಚದುರಿದ್ದರೆ ಬಹುಶಃ ಮನುಷ್ಯರು, ಅವರವರ ತಾಳ್ಮೆಯಷ್ಟು. ಎಲ್ಲವೂ ಕರಾರುವಾಕ್ಕಾಗಿ 30ಕ್ಕೇ ಬಿದ್ದಿದ್ದರೆ ಬಹುಶಃ ಯಾವುದೋ ಮೊಬೈಲ್ ಆ್ಯಪಿನ ಟೈಮ್‌ಔಟ್. ನಾವು ಬದಲಿಸದಿದ್ದರೆ ಎಂಜಿನ್‌ಎಕ್ಸ್ ಹಿಂದಿನ ಅಪ್ಲಿಕೇಶನ್ನಿಗೆ 60 ಸೆಕೆಂಡು ಕಾಯುತ್ತದೆ. ಆ್ಯಪ್ 30ಕ್ಕೇ ಎದ್ದು ಮತ್ತೆ ಕೇಳಿದರೆ ಒಂದೇ ಕೆಲಸ ಎರಡೆರಡು ಕಡೆ ಓಡುತ್ತಿರಬಹುದು. ಒಳಗಿನ ಗಡುವು ಹೊರಗಿನದಕ್ಕಿಂತ ಕಡಿಮೆ ಇರಲಿ: ಡೇಟಾಬೇಸಿಗೆ 20, ಅಪ್ಲಿಕೇಶನ್ನಿಗೆ 25, ಆ್ಯಪಿಗೆ 30. ಆಗ ನಿಧಾನದ ಕ್ವೆರಿ 499ರ ಮರೆಯಲ್ಲಿ ಅಡಗದೆ, ತನ್ನದೇ ಹೆಸರಿನಲ್ಲಿ ಎರರ್ ಲಾಗ್‌ಗೆ ಬಂದು ಬೀಳುತ್ತದೆ.