ಗದುಗಿನ ಎಡಗೈ, ಅಂಚಿನ ತಂಡಗಳ ಗುರು

ಸುನಿಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗದಲ್ಲಿ. ಎಡಗೈ ಸ್ಪಿನ್ನರ್, ಕೆಳ ಕ್ರಮಾಂಕದಲ್ಲಿ ನೆಚ್ಚಬಹುದಾದ ಎಡಗೈ ಬ್ಯಾಟ್ಸ್‌ಮನ್. ಭಾರತದ ಪರ 15 ಟೆಸ್ಟ್‌ಗಳಲ್ಲಿ 41 ವಿಕೆಟ್, 69 ಏಕದಿನ ಪಂದ್ಯಗಳಲ್ಲಿ ಪಂದ್ಯಕ್ಕೊಂದರ ಲೆಕ್ಕದಲ್ಲಿ 69 ವಿಕೆಟ್. ಪ್ರಥಮ ದರ್ಜೆಯ ಲೆಕ್ಕವೇ ಬೇರೆ: 160 ಪಂದ್ಯ, 615 ವಿಕೆಟ್, ಐದು ಸಾವಿರಕ್ಕೂ ಮಿಕ್ಕಿದ ರನ್. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಜೋಶಿಯ ಆಟಗಾರ ಜೀವನದ ಕಥೆ. ಕೋಚ್ ಜೋಶಿ ಮೂಡಿಬಂದದ್ದೂ ಆ ಅಂತರದಿಂದಲೇ.

ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ಬಹುಪಾಲು ಎರಿ ಹೊಲ. ಮಳೆ ಬಿದ್ದರೆ ಕಾಲಿಗೆ ಮೆತ್ತುವ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುವ ಮಣ್ಣು. ಜಿಗುಟು ಅಂಶ ಹೆಚ್ಚಿರುವ ಇಂಥ ಕಪ್ಪು ಮಣ್ಣನ್ನೇ ಹದಮಾಡಿ, ನೀರುಣಿಸಿ, ವಾರಗಟ್ಟಲೆ ರೋಲರ್ ಎಳೆದು ದೊಡ್ಡ ಊರುಗಳಲ್ಲಿ ಟರ್ಫ್ ಪಿಚ್ ಕಟ್ಟುತ್ತಾರೆ. ಮಣ್ಣು ಇಲ್ಲಿತ್ತು, ರೋಲರ್, ನೀರು, ಮೈದಾನ ನೋಡಿಕೊಳ್ಳುವ ಆಳು ಇರಲಿಲ್ಲ. ಇಲ್ಲಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಚಳಿಗಾಲವೇ ದೇಶದಲ್ಲಿ ರಣಜಿ ಋತು. ಆ ಹೊತ್ತಿಗೆ ಈ ಸೀಮೆಯ ಹುಡುಗರ ಆಟ ಕೊಯ್ಲಾದ ಹೊಲದಲ್ಲಿ, ಶಾಲೆಯ ಬಯಲಿನಲ್ಲಿ. ಸರಿಯಾದ ನೆಟ್ಸ್ ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. ಬಾಲಕ ಜೋಶಿ ಬೆಳಗಿನ ಜಾವ ಗದಗ ಬಿಟ್ಟು, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಮತ್ತೆ ಶಾಲೆಯ ಹೊತ್ತಿಗೆ ಊರು ಸೇರುತ್ತಿದ್ದ. ಈ ಸಂಗತಿಯನ್ನು ಕ್ರೀಡಾಪುಟಗಳು ಹೆಚ್ಚಾಗಿ ಹುಡುಗನ ಛಲದ ಕಥೆಯಾಗಿ ಬರೆದಿವೆ. ಛಲ ನಿಜ. ಆದರೆ ಸೌಲಭ್ಯವಿಲ್ಲದ ಊರಿನವನು ಆಟ ಕಲಿಯಲು ಎಷ್ಟು ದೂರ ಹೋಗಬೇಕಾಗುತ್ತದೆ ಎಂಬುದನ್ನು ಮೈಯಾರೆ ಅರಿತವನೊಬ್ಬ ಮುಂದೆ ಕೋಚ್ ಆದ ಎಂಬುದು ಅದಕ್ಕಿಂತ ಮುಖ್ಯ.

ರಣಜಿಗೆ ಜೋಶಿ ಕಾಲಿಟ್ಟದ್ದು 1992–93ರಲ್ಲಿ. ಕರ್ನಾಟಕಕ್ಕೆ ಸ್ಪಿನ್ನರ್‌ಗಳ ಬರ ಎಂದೂ ಇರಲಿಲ್ಲ. ಪ್ರಸನ್ನ, ಚಂದ್ರಶೇಖರ್ ಜೋಡಿಯ ಜೊತೆಗೆ ಎಡಗೈಯವರಾಗಿ ವಿಜಯಕೃಷ್ಣ, ಅವರ ಬಳಿಕ ರಘುರಾಮ್ ಭಟ್. ಆ ಸಾಲಿನಲ್ಲಿ ಮುಂದಿನ ಹೆಸರು ಜೋಶಿಯದು. 1995–96ರ ಋತುವಿನಲ್ಲಿ 529 ರನ್, 52 ವಿಕೆಟ್. ಒಂದೇ ರಣಜಿ ಋತುವಿನಲ್ಲಿ ಐನೂರು ರನ್ನಿಗೂ ಐವತ್ತು ವಿಕೆಟ್ಟಿಗೂ ಒಟ್ಟಿಗೆ ಮುಟ್ಟುವುದು ಎಷ್ಟು ಅಪರೂಪವೆಂದು ದೇಶೀಯ ಕ್ರಿಕೆಟ್ ಬಲ್ಲವರಿಗೆ ಹೇಳಬೇಕಿಲ್ಲ. ಆ ವರ್ಷ ಕರ್ನಾಟಕ ಚಾಂಪಿಯನ್ ಆಯಿತು. 1997–98, 1998–99ರಲ್ಲಿ ಮತ್ತೆರಡು ಸಲ. ಆ ತಂಡವನ್ನು ನೆನೆಯುವವರು ಶ್ರೀನಾಥ್, ಕುಂಬ್ಳೆ, ದ್ರಾವಿಡ್, ಪ್ರಸಾದ್ ಎಂದು ಎಣಿಸುತ್ತಾರೆ. ಇವರೆಲ್ಲ ಭಾರತ ತಂಡದ ಕೆಲಸಕ್ಕೆ ಹೋದಾಗ ರಾಜ್ಯದ ಬೌಲಿಂಗ್ ಭಾರವನ್ನು ಹೆಗಲ ಮೇಲೆ ಹೊತ್ತದ್ದು ಗದುಗಿನವನು.

1996ರ ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ಪದಾರ್ಪಣೆ. ಅದೇ ಪಂದ್ಯದಲ್ಲಿ ವೆಂಕಟೇಶ್ ಪ್ರಸಾದ್, ವಿಕ್ರಮ್ ರಾಥೋಡ್, ಪಾರಸ್ ಮ್ಹಾಂಬ್ರೆ ಕೂಡ ಮೊದಲ ಟೆಸ್ಟ್ ಆಡಿದರು. ನಾಲ್ವರೂ ಮುಂದೆ ಕೋಚ್‌ಗಳಾದರು: ಪ್ರಸಾದ್ ಮತ್ತು ಮ್ಹಾಂಬ್ರೆ ಭಾರತದ ಬೌಲಿಂಗ್ ಕೋಚ್, ರಾಥೋಡ್ ಬ್ಯಾಟಿಂಗ್ ಕೋಚ್. ಟೆಸ್ಟ್ ಪಂದ್ಯಗಳ ಲೆಕ್ಕದಲ್ಲಿ ನಾಲ್ವರಲ್ಲಿ ಯಾರೂ ದೊಡ್ಡ ತಾರೆಯರಲ್ಲ. ತಂಡದೊಳಗೆ ಕಾಲೂರಲು ಹೆಣಗಿದವರು ತಮ್ಮ ಆಟವನ್ನು ಬಿಚ್ಚಿ ನೋಡಿಕೊಳ್ಳಲೇಬೇಕಾಗುತ್ತದೆ. ಯಾವ ಚೆಂಡು ಕೈಕೊಟ್ಟಿತು, ಯಾವುದು ಉಳಿಸಿತು ಎಂದು ದಿನವೂ ಲೆಕ್ಕ ಹಾಕಿದವರಿಗೆ ಅದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಮಾತೂ ಒದಗುತ್ತದೆ.

ಜೋಶಿಯ ಇಕ್ಕಟ್ಟು ಸ್ಪಷ್ಟವಾಗಿತ್ತು. ಭಾರತ ತಂಡದ ಮೊದಲ ಸ್ಪಿನ್ನರ್ ಸ್ಥಾನ ಕುಂಬ್ಳೆಗೆ, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದಕ್ಕೆ ವೆಂಕಟಪತಿ ರಾಜು, ರಾಜೇಶ್ ಚೌಹಾಣ್, ನೀಲೇಶ್ ಕುಲಕರ್ಣಿ, ಹರಭಜನ್ ಸಿಂಗ್ ಹೀಗೆ ಸಾಲು. ಆಯ್ಕೆ ಸಮಿತಿಗಳು ಆ ಎರಡನೆಯ ಕುರ್ಚಿಯಲ್ಲಿ ಯಾರನ್ನೂ ಬಹುಕಾಲ ಕೂರಗೊಡಲಿಲ್ಲ. ಜೋಶಿಗೆ ನ್ಯಾಯ ಸಿಗಲಿಲ್ಲ ಎಂಬ ಮಾತು ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಿಬರುತ್ತದೆ, ಮತ್ತು ಅದರಲ್ಲಿ ಹುರುಳಿದೆ.

ಸಿಕ್ಕ ಅವಕಾಶದಲ್ಲಿ ಅವರು ಮಾಡಿದ್ದು ಏನೆಂಬುದಕ್ಕೆ 1999ರ ಸೆಪ್ಟೆಂಬರ್ 26ರ ನೈರೋಬಿ ಸಾಕ್ಷಿ. ಎಲ್‌ಜಿ ಕಪ್, ಜಿಮ್ಖಾನಾ ಮೈದಾನ, ಎದುರಿಗೆ ದಕ್ಷಿಣ ಆಫ್ರಿಕಾ. ಜೋಶಿಯ ಲೆಕ್ಕ: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಗಿಬ್ಸ್, ಡಿಪ್ಪೆನಾರ್, ಕ್ರೋನಿಯೆ, ರೋಡ್ಸ್, ಪೊಲಾಕ್ ಔಟಾದರು. ತಂಡ 117ಕ್ಕೆ ಮುಗಿಯಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಏಕದಿನ ಪಂದ್ಯದಲ್ಲಿ ಅರವತ್ತು ಚೆಂಡಿಗೆ ಆರು ರನ್! ಸೀಮಿತ ಓವರ್‌ಗಳಲ್ಲಿ ಸ್ಪಿನ್ನರ್ ಎಂದರೆ ರನ್ ತಡೆಯುವವನು ಮಾತ್ರ ಎಂದು ನಂಬಿದ್ದ ಕಾಲದಲ್ಲಿ ಒಬ್ಬ ಎಡಗೈ ಸ್ಪಿನ್ನರ್ ತಡೆಯುವುದನ್ನೂ ಕೆಡಹುವುದನ್ನೂ ಒಂದೇ ಸ್ಪೆಲ್‌ನಲ್ಲಿ ಮಾಡಿ ತೋರಿಸಿದ.

ಇಲ್ಲಿ ಎಡಗೈ ಸ್ಪಿನ್ ಕುರಿತು ನಾಲ್ಕು ಮಾತು ಅಗತ್ಯ. ಬಲಗೈ ಬ್ಯಾಟ್ಸ್‌ಮನ್‌ಗೆ ಚೆಂಡು ಗಾಳಿಯಲ್ಲಿ ಒಳಕ್ಕೆ ತೇಲಿ, ನೆಲ ಮುಟ್ಟಿ ಹೊರಕ್ಕೆ ತಿರುಗಬೇಕು. ತೇಲಬೇಕಾದರೆ ಸುತ್ತು ಬೇಕು. ಸುತ್ತು ಕೆಲಸ ಮಾಡಬೇಕಾದರೆ ಚೆಂಡು ಗಾಳಿಯಲ್ಲಿ ಸ್ವಲ್ಪ ಹೊತ್ತು ಇರಬೇಕು. ಮುಂಗಾಲು ಗಟ್ಟಿಯಾಗಿ ನಿಂತು, ಮೈ ಅದರ ಸುತ್ತ ಪೂರ್ತಿ ಹೊರಳಿದರೆ ಮಾತ್ರ ಬೆರಳಿನ ತಿರುವಿಗೆ ಬಲ ಬರುತ್ತದೆ. ಆಗ ಅದೇ ಕೈಯಿಂದ ಬರುವ ಆರ್ಮ್ ಬಾಲ್ ನೇರ ನುಗ್ಗಿ ಸ್ಟಂಪ್ ಹಾರಿಸುತ್ತದೆ. ಇದನ್ನೆಲ್ಲ ಬದಿಗಿಟ್ಟು, ಚೆಂಡನ್ನು ಚಪ್ಪಟೆಯಾಗಿ, ಜೋರಾಗಿ, ಪ್ಯಾಡಿನತ್ತ ಚುಚ್ಚಿದರೆ ಸಾಕೆಂಬ ಪಂಥವೊಂದು ಟಿ20 ಬಂದಂದಿನಿಂದ ಬಲಿತಿದೆ. ಅಕಾಡೆಮಿಗಳಲ್ಲಿ ಹದಿಮೂರರ ಹುಡುಗನಿಗೂ ಸ್ಪೀಡ್ ಗನ್ ಹಿಡಿಯುತ್ತಾರೆ. ಗದಗ–ಧಾರವಾಡದ ಕಡೆಯವರಿಗೆ ಇದರ ತಪ್ಪು ಬೇಗ ತಿಳಿಯಬೇಕು: ವಿಲಂಬಿತ ಹಾಡಲು ಬಾರದವನಿಗೆ ದ್ರುತದಲ್ಲಿ ಓಡುವುದನ್ನಷ್ಟೇ ಕಲಿಸಿದರೆ ರಾಗ ಕೈಗೆ ಸಿಗುವುದಿಲ್ಲ. ಇದೇ ಗದುಗಿನಿಂದ 1933ರಲ್ಲಿ ಹನ್ನೊಂದರ ಬಾಲಕ ಭೀಮಸೇನ ಜೋಶಿ ಸಂಗೀತದ ಗುರುವನ್ನು ಹುಡುಕಿ ಮನೆ ಬಿಟ್ಟು ರೈಲು ಹತ್ತಿದರು. ಉತ್ತರವೆಲ್ಲ ಅಲೆದ ಮೇಲೆ ಅವರಿಗೆ ಸವಾಯಿ ಗಂಧರ್ವರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ. ಅಲ್ಲಿ ಮೊದಲು ಕಲಿತದ್ದು ಕಾಯುವುದನ್ನು. ಸ್ಪಿನ್ನರ್‌ನ ಮೊದಲ ಪಾಠವೂ ಅದೇ.

2000ದ ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಗಂಗೂಲಿ ಟೆಸ್ಟ್ ನಾಯಕನಾಗಿ ಮೈದಾನಕ್ಕಿಳಿದ ಮೊದಲ ಪಂದ್ಯವೂ ಅದೇ. ಅಮೀನುಲ್ ಇಸ್ಲಾಂ 145 ಹೊಡೆದು ಬಾಂಗ್ಲಾ 400 ಮುಟ್ಟಿದ ಇನಿಂಗ್ಸ್‌ನಲ್ಲಿ ಜೋಶಿ 142ಕ್ಕೆ 5 ವಿಕೆಟ್ ಕಿತ್ತರು. ಬಳಿಕ ಬ್ಯಾಟ್ ಹಿಡಿದು 92. ಭಾರತ 429 ಮುಟ್ಟಿ ಮುನ್ನಡೆ ಪಡೆದದ್ದು ಅದರಿಂದ. ಎರಡನೆಯ ಇನಿಂಗ್ಸ್‌ನಲ್ಲಿ 27ಕ್ಕೆ 3, ಬಾಂಗ್ಲಾ 91ಕ್ಕೆ ಆಲೌಟ್, ಪಂದ್ಯಶ್ರೇಷ್ಠ ಸುನಿಲ್ ಜೋಶಿ. ಅದಾದ ಮರುವರ್ಷ ಭಾರತ ತಂಡದ ಬಾಗಿಲು ಅವರಿಗೆ ಮುಚ್ಚಿತು. ಹರಭಜನ್ ಯುಗ ಆರಂಭವಾಗಿತ್ತು. ಜೋಶಿ ರಣಜಿ ಆಡುತ್ತಲೇ ಹೋದರು, ನಡುವೆ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಪರ ಕೆಲವು ಪಂದ್ಯ, 2012ರಲ್ಲಿ ನಿವೃತ್ತಿ.

ಹೈದರಾಬಾದ್ ತಂಡದ ಕೋಚ್ ಆಗಿ ಎರಡನೆಯ ಬದುಕು ಶುರುವಾಯಿತು. ಹೆಸರು ತಂದದ್ದು ಮಾತ್ರ ಜಮ್ಮು ಮತ್ತು ಕಾಶ್ಮೀರ. 2014ರ ಸೆಪ್ಟೆಂಬರ್ ಪ್ರವಾಹ ಶ್ರೀನಗರವನ್ನು ಮುಳುಗಿಸಿತ್ತು, ಶೇರ್–ಇ–ಕಾಶ್ಮೀರ್ ಕ್ರೀಡಾಂಗಣವೂ ನೀರಿನಡಿ ಹೋಗಿತ್ತು. ಸ್ವಂತ ಮೈದಾನವೇ ಕೈತಪ್ಪಿದ ತಂಡ ಡಿಸೆಂಬರ್‌ನಲ್ಲಿ ಮುಂಬೈಗೆ ಬಂತು. ಎದುರಾಳಿ ಆ ಹೊತ್ತಿಗೆ 40 ಸಲ ರಣಜಿ ಗೆದ್ದಿದ್ದ ತಂಡ, ಪಂದ್ಯ ವಾಂಖೆಡೆಯಲ್ಲಿ. ಮುಂಬೈ 236, ಹತ್ತೊಂಬತ್ತರ ಶುಭಮ್ ಖಜೂರಿಯಾ ಶತಕದ ಬಲದಿಂದ ಕಾಶ್ಮೀರ 254. ಮುಂಬೈ ಮತ್ತೆ 254. ಗುರಿ 237, ಖಜೂರಿಯಾ ಇನ್ನೊಮ್ಮೆ 78, ನಾಲ್ಕು ವಿಕೆಟ್‌ಗಳ ಗೆಲುವು. ನಾಯಕ ಆಫ್ ಸ್ಪಿನ್ನರ್ ಪರ್ವೇಜ್ ರಸೂಲ್. ಆ ದಿನದ ಪತ್ರಿಕೆಗಳು ಅದನ್ನು ಪವಾಡ ಎಂದವು. ನಾಲ್ಕು ದಿನದ ಪಂದ್ಯದಲ್ಲಿ ಪವಾಡ ನಡೆಯುವುದಿಲ್ಲ. ಮೊದಲ ಇನಿಂಗ್ಸ್‌ನ ಹದಿನೆಂಟು ರನ್‌ಗಳ ಮುನ್ನಡೆಯನ್ನು ಕೈಬಿಡದೆ, ಕೊನೆಯ ಇನಿಂಗ್ಸ್‌ನಲ್ಲಿ ಇನ್ನೂರಕ್ಕೂ ಮೇಲಿನ ಗುರಿಯನ್ನು ಅವಸರವಿಲ್ಲದೆ ಬೆನ್ನಟ್ಟಲು ಕಲಿಸಿದ ತಯಾರಿ ಬೇಕು. ಟರ್ಫ್ ಇಲ್ಲದ ಊರಿನಿಂದ ಬಂದ ಕೋಚ್ ಮೈದಾನವಿಲ್ಲದ ತಂಡಕ್ಕೆ ಆ ತಯಾರಿ ಕೊಟ್ಟರು.

ಅಲ್ಲಿಂದ ಮುಂದೆಯೂ ಅವರ ದಾರಿ ಅಂಚಿನ ತಂಡಗಳತ್ತಲೇ. 2016ರ ಟಿ20 ವಿಶ್ವಕಪ್‌ಗೆ ಒಮಾನ್ ತಂಡದ ಸ್ಪಿನ್ ಕೋಚ್. ಮಾರ್ಚ್ 9ರಂದು ಧರ್ಮಶಾಲಾದಲ್ಲಿ ಒಮಾನ್ ಐರ್ಲೆಂಡನ್ನು ಎರಡು ವಿಕೆಟ್‌ಗಳಿಂದ ಸೋಲಿಸಿತು. ಅಸ್ಸಾಂ ತಂಡಕ್ಕೂ ಅವರು ಕೋಚ್ ಆದರು.

2017ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶ ಕರೆಯಿತು. ಯಾವ ದೇಶದ ಮೊದಲ ಟೆಸ್ಟನ್ನು ಆಟಗಾರನಾಗಿ ಕಸಿದುಕೊಂಡಿದ್ದರೋ ಅದೇ ದೇಶದ ಸ್ಪಿನ್ನರ್‌ಗಳಿಗೆ ಈಗ ಗುರು. ತಿಂಗಳು ಮುಗಿಯುವಷ್ಟರಲ್ಲಿ ಮೀರ್‌ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ 20 ರನ್‌ಗಳ ಗೆಲುವು, ಶಕೀಬ್ ಅಲ್ ಹಸನ್‌ಗೆ ಹತ್ತು ವಿಕೆಟ್. ಶಕೀಬ್ ಅಷ್ಟರಲ್ಲೇ ಪಳಗಿದ ಕೈ, ಅದರ ಶ್ರೇಯವನ್ನು ಹೊಸ ಕೋಚ್‌ಗೆ ಕಟ್ಟುವುದು ಸರಿಯಲ್ಲ. ಕೋಚ್‌ನ ಕೆಲಸ ಕಾಣಬೇಕಾದರೆ 2018ರ ನವೆಂಬರ್–ಡಿಸೆಂಬರ್‌ನ ವೆಸ್ಟ್ ಇಂಡೀಸ್ ಸರಣಿ ನೋಡಬೇಕು. ಚಟ್ಟೋಗ್ರಾಮದಲ್ಲಿ ಹದಿನೇಳರ ಹುಡುಗ ನಯೀಮ್ ಹಸನ್ ಪದಾರ್ಪಣೆಯಲ್ಲೇ ಐದು ವಿಕೆಟ್ ಪಡೆದ. ಎರಡನೆಯ ಇನಿಂಗ್ಸ್‌ನಲ್ಲಿ ಎಡಗೈಯ ತೈಜುಲ್ ಆರು. ಮೀರ್‌ಪುರದಲ್ಲಿ ಬಾಂಗ್ಲಾ ಒಬ್ಬನೇ ಒಬ್ಬ ಪರಿಣತ ವೇಗಿಯಿಲ್ಲದೆ ನಾಲ್ವರು ಸ್ಪಿನ್ನರ್‌ಗಳೊಂದಿಗೆ ಇಳಿಯಿತು. ಮೆಹಿದಿ ಹಸನ್ 117ಕ್ಕೆ 12. ಸರಣಿಯಲ್ಲಿ ಬಿದ್ದ ವೆಸ್ಟ್ ಇಂಡೀಸಿನ 40 ವಿಕೆಟ್‌ಗಳೂ ಸ್ಪಿನ್ನರ್‌ಗಳಿಗೇ. ನಾಲ್ವರದೂ ಒಂದೇ ಬಗೆಯ ಕೈ ಅಲ್ಲ, ವಯಸ್ಸಿನಲ್ಲೂ ದೊಡ್ಡ ಅಂತರ. ಒಬ್ಬನನ್ನು ಇನ್ನೊಬ್ಬನ ಅಚ್ಚಿಗೆ ಸುರಿಯದೆ ನಾಲ್ವರನ್ನೂ ಒಟ್ಟಿಗೆ ದುಡಿಸುವುದು ಕೋಚಿಂಗ್‌ನ ಕಷ್ಟದ ಭಾಗ. ಕುಂಬ್ಳೆಯ ಪಕ್ಕದಲ್ಲಿ ನಿಂತು, ಕುಂಬ್ಳೆಯಂತೆ ಎಸೆಯಲು ಹೋಗದೆ ತನ್ನ ಚೆಂಡನ್ನೇ ಎಸೆದವರಿಗೆ ಅದು ಗೊತ್ತಿತ್ತು. 2019ರ ವಿಶ್ವಕಪ್‌ವರೆಗೆ ಆ ಕೆಲಸ ನಡೆಯಿತು, ಬಳಿಕ ಉತ್ತರ ಪ್ರದೇಶ.

2020ರ ಮಾರ್ಚ್‌ನಲ್ಲಿ ಜೋಶಿ ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಎರಡನೆಯ ಸ್ಪಿನ್ನರ್ ಕುರ್ಚಿಗಾಗಿ ವರ್ಷಗಟ್ಟಲೆ ಕಾದವರು ಈಗ ಕುರ್ಚಿ ಹಂಚುವ ಜಾಗದಲ್ಲಿದ್ದರು. ಆಸ್ಟ್ರೇಲಿಯಾ ಪ್ರವಾಸದ ತಂಡವನ್ನು ಅವರ ಸಮಿತಿ ಆರಿಸಿತು. ಇನ್ನೂ ಟೆಸ್ಟ್ ಆಡದ ಶುಭಮನ್ ಗಿಲ್, ಮೊಹಮ್ಮದ್ ಸಿರಾಜ್ ಅದರಲ್ಲಿದ್ದರು. ಆ ಪ್ರವಾಸ 2021ರ ಜನವರಿಯಲ್ಲಿ ಬ್ರಿಸ್ಬೇನ್‌ನ ಗೆಲುವಿನೊಂದಿಗೆ ಮುಗಿಯುವ ಹೊತ್ತಿಗೆ ಅಧ್ಯಕ್ಷ ಸ್ಥಾನ ಚೇತನ್ ಶರ್ಮಾಗೆ ಹೋಗಿತ್ತು, ಜೋಶಿ ಸದಸ್ಯರಾಗಿ ಉಳಿದಿದ್ದರು.

2023ರಿಂದ 2025ರವರೆಗೆ ಪಂಜಾಬ್ ಕಿಂಗ್ಸ್‌ನ ಸ್ಪಿನ್ ಕೋಚ್ ಆಗಿದ್ದರು. 2025ರ ಜೂನ್ 3ರಂದು ಅಹಮದಾಬಾದ್‌ನ ಐಪಿಎಲ್ ಫೈನಲ್‌ನಲ್ಲಿ ಇಡೀ ಕರ್ನಾಟಕ ರಾಯಲ್ ಚಾಲೆಂಜರ್ಸ್ ಗೆಲುವಿಗಾಗಿ ಕಾದಿದ್ದಾಗ, ಗದುಗಿನ ಜೋಶಿ ಎದುರು ಪಾಳಯದಲ್ಲಿದ್ದರು. ಬೆಂಗಳೂರು 190, ಪಂಜಾಬ್ 184. ಆರು ರನ್‌ಗಳ ಅಂತರ. ಪಂದ್ಯ ತಿರುಗಿಸಿದ್ದು ಬೆಂಗಳೂರಿನ ಎಡಗೈ ಸ್ಪಿನ್ನರ್ ಕೃಣಾಲ್ ಪಾಂಡ್ಯ: ನಾಲ್ಕು ಓವರ್, 17 ರನ್, 2 ವಿಕೆಟ್, ಪಂದ್ಯಶ್ರೇಷ್ಠ. ವೇಗವಾಗಿ ಎಸೆಯುವುದಕ್ಕೆ ಹೆಸರಾದ ಕೃಣಾಲ್ ಆ ರಾತ್ರಿ, ಈ ಪಿಚ್‌ನಲ್ಲಿ ನಿಧಾನವಾದಷ್ಟೂ ಒಳ್ಳೆಯದೆಂದು ಗ್ರಹಿಸಿ ವೇಗ ತಗ್ಗಿಸಿದ್ದರು.