ಸರಾಸರಿಯ ಕಣ್ಣು: ಫೆಕ್ನರ್‌ನ ಹತ್ತು ಆಯತಗಳು

ಚಿತ್ರಕಲೆಯ ವಿಮರ್ಶೆಯಲ್ಲಿ ಸುವರ್ಣಾನುಪಾತದ ಮಾತು ಬಂದಾಗ ಗುಸ್ತಾವ್ ಫೆಕ್ನರ್‌ನ ಹೆಸರೂ ಬೆನ್ನಿಗೇ ಬರುತ್ತದೆ. 1:1.618ರ ಪ್ರಮಾಣವು ಮನುಷ್ಯನ ಕಣ್ಣಿಗೆ ಸ್ವಭಾವತಃ ಪ್ರಿಯವೆಂದು ಈ ಜರ್ಮನ್ ವಿದ್ವಾಂಸ ಸಾಧಿಸಿ ತೋರಿಸಿದನೆಂಬುದು ರೂಢಿಯ ನಂಬಿಕೆ. 1876ರಲ್ಲಿ ಹೊರಬಂದ ಆತನ ಸೌಂದರ್ಯಮೀಮಾಂಸೆಯ ಗ್ರಂಥವು ಈ ನಂಬಿಕೆಗೆ ಅರ್ಧದಷ್ಟು ಮಾತ್ರ ಆಧಾರ ಒದಗಿಸುತ್ತದೆ.

ಸಮಾನ ವಿಸ್ತೀರ್ಣದ ಹತ್ತು ಬಿಳಿ ಆಯತಗಳು, ಚೌಕದಿಂದ ಹಿಡಿದು 5:2ರ ನೀಳ ಆಕಾರದವರೆಗೆ. 347 ಮಂದಿ ವಿದ್ಯಾವಂತ ಸ್ತ್ರೀಪುರುಷರು ತಮಗೆ ಅತ್ಯಂತ ಹಿತವಾದುದನ್ನೂ ಅಹಿತವಾದುದನ್ನೂ ಸೂಚಿಸಬೇಕಿತ್ತು. ಸುಮಾರು ಶೇ. 35ರಷ್ಟು ಜನ ಸುವರ್ಣಾಯತವನ್ನು ಮೆಚ್ಚಿದರು. ಅದನ್ನು ತಿರಸ್ಕರಿಸಿದವರು ಒಬ್ಬರೂ ಇಲ್ಲ. ಅಕ್ಕಪಕ್ಕದ ಎರಡು ಆಯತಗಳನ್ನೂ ಸೇರಿಸಿದರೆ ಮೆಚ್ಚಿಕೆ ಮುಕ್ಕಾಲು ಪಾಲಿಗೆ ಏರುತ್ತದೆ. ಹೀಗೆ ಅಗಲವಾಗಿ ಹರಡಿಕೊಂಡ ಒಲವನ್ನು ಒಂದೇ ಸಂಖ್ಯೆಗೆ ಕಟ್ಟಿಹಾಕಿದವರು ಮುಂದಿನ ಓದುಗರು.

ಅದೇ ಗ್ರಂಥದಲ್ಲಿ ಫೆಕ್ನರ್ ಚಿತ್ರಶಾಲೆಗಳ ಸಾವಿರಾರು ಚಿತ್ರಗಳ ಅಳತೆಗಳನ್ನೂ ಕಲೆಹಾಕಿದ್ದಾನೆ. ಅವು ಸುವರ್ಣಾಯತಕ್ಕಿಂತ ಗಿಡ್ಡವಾಗಿ, 4:3 ಅಥವಾ 5:4ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಬರಿಯ ಆಯತವನ್ನು ಮೆಚ್ಚುವ ಕಣ್ಣು, ಒಳಗೊಂದು ಮುಖವೋ ಬಯಲೋ ಮೂಡಿದೊಡನೆ ಬೇರೆಯೇ ಲೆಕ್ಕ ಹಾಕುತ್ತದೆ. ಕಲಾವಿಮರ್ಶೆಗೆ ನಿಜಕ್ಕೂ ಬೇಕಾಗಿದ್ದ ಭಾಗವಿದು. ಉಲ್ಲೇಖಗಳಲ್ಲಿ ಕಳೆದುಹೋದದ್ದೂ ಇದೇ.

1974ರಲ್ಲಿ ಗಾಡ್ಕೆವಿಚ್ ಮತ್ತೊಂದು ತೊಡಕನ್ನು ಎತ್ತಿ ತೋರಿದರು: ಎದುರಿಗಿಟ್ಟ ಆಯತಗಳ ಶ್ರೇಣಿಯನ್ನು ಬದಲಿಸಿದರೆ ಮೆಚ್ಚಿಕೆಯೂ ಜರುಗುತ್ತದೆ. ನಡುವಿನದನ್ನು ಆರಿಸುವ ಮನುಷ್ಯಸಹಜ ಅಭ್ಯಾಸವೇ ಇಲ್ಲಿ ಸೌಂದರ್ಯದ ವೇಷ ತೊಟ್ಟಿರಬಹುದು. 1980ರ ಮೆಕ್‌ಮೇನಸ್ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ಗುಂಪಿನ ಒಲವು ಕ್ಷೀಣ. ಆದರೆ ಒಬ್ಬೊಬ್ಬರ ಒಲವು ಸ್ಪಷ್ಟ, ಮರುಪರೀಕ್ಷೆಯಲ್ಲೂ ಸ್ಥಿರ, ಪರಸ್ಪರ ಭಿನ್ನ. ಒಬ್ಬರಿಗೆ ಚೌಕ, ಮತ್ತೊಬ್ಬರಿಗೆ ನೀಳಾಯತ. ಇಬ್ಬರನ್ನೂ ಕೂಡಿಸಿ ಭಾಗಿಸಿದಾಗ ದೊರೆಯುವ ಮಧ್ಯಮ ಪ್ರಮಾಣವನ್ನು ಇಬ್ಬರೂ ಬಯಸಿರಲಿಕ್ಕಿಲ್ಲ.

ಭಾರತೀಯ ಕಾವ್ಯಮೀಮಾಂಸೆಯ ಸಹೃದಯನು ಅಭ್ಯಾಸದಿಂದ ಪಳಗಿದವನು. ಫೆಕ್ನರ್‌ನ ಪ್ರೇಕ್ಷಕನೋ ಎಣಿಕೆಗೆ ಒದಗುವ ಒಂದು ಮತ. ಮೆಕ್‌ಮೇನಸ್ ಕಂಡವನು ಈ ಇಬ್ಬರಲ್ಲಿ ಯಾರೂ ಅಲ್ಲ: ಶಿಕ್ಷಣದ ಹಂಗಿಲ್ಲದೆ, ಬಹುಮತಕ್ಕೂ ಸೊಪ್ಪು ಹಾಕದೆ, ಕೇಳಿದಾಗಲೆಲ್ಲ ತನ್ನ ಚೌಕವನ್ನೇ ಆರಿಸುವವನು. ಅವನ ರುಚಿಯನ್ನು ದೋಷವೆನ್ನಬೇಕೇ, ಸಂಸ್ಕಾರವೆನ್ನಬೇಕೇ? ಆ ಎರಡು ಮೀಮಾಂಸೆಗಳಲ್ಲಿ ಯಾವುದೂ ಅವನಿಗೆ ಇನ್ನೂ ಹೆಸರಿಟ್ಟಿಲ್ಲ.