ಟಾಲ್‌ಸ್ಟಾಯ್‌ನ ನಂಬುಗೆ

ದೊಡ್ಡ ಕಾದಂಬರಿಕಾರನೊಬ್ಬ ನಡುವಯಸ್ಸು ದಾಟಿದ ಮೇಲೆ ಧರ್ಮದ ಮಾತಿಗೆ ತೊಡಗಿದರೆ ಅವನ ಅಭಿಮಾನಿಗಳಿಗೆ ಒಳಗೊಳಗೇ ಕಸಿವಿಸಿಯಾಗುವುದುಂಟು. ಟಾಲ್‌ಸ್ಟಾಯ್‌ನ ವಿಷಯದಲ್ಲಿ ಈ ಕಸಿವಿಸಿಯೇ ಒಂದು ವಿಮರ್ಶಾಸೂತ್ರವಾಗಿ ಬೆಳೆದಿದೆ. ‘ಯುದ್ಧ ಮತ್ತು ಶಾಂತಿ’ಯನ್ನು ಬರೆದ ಕಲಾವಿದ ಒಬ್ಬ, ಐವತ್ತರ ಅಂಚಿನಲ್ಲಿ ಹುಟ್ಟಿಕೊಂಡ ಉಪದೇಶಕ ಇನ್ನೊಬ್ಬ, ಎರಡನೆಯವನು ಮೊದಲನೆಯವನನ್ನು ನುಂಗಿಹಾಕಿದ ಎಂಬುದು ಆ ಸೂತ್ರ. ಹೇಳಲು ಸುಲಭವಾದ ಈ ಮಾತನ್ನು ಅವನ ಕೃತಿಗಳು ಒಪ್ಪುವುದಿಲ್ಲ.

‘ಅನ್ನಾ ಕರೆನಿನಾ’ದ ಕೊನೆಯ ಭಾಗ ಹೊರಬಂದುದು ೧೮೭೭ರಲ್ಲಿ. ಅದರಲ್ಲಿ ಲೆವಿನ್ ಎಂಬ ಜಮೀನುದಾರನಿದ್ದಾನೆ. ಮೆಚ್ಚಿದ ಹೆಂಡತಿ, ಗಂಡುಮಗು, ಆಸ್ತಿ, ಆರೋಗ್ಯ ಎಲ್ಲವೂ ಇವೆ. ಆದರೂ ನೇಣು ಹಾಕಿಕೊಂಡೇನೆಂದು ಹೆದರಿ ಹಗ್ಗವನ್ನು ಬಚ್ಚಿಡುತ್ತಾನೆ. ಗುಂಡು ಹೊಡೆದುಕೊಂಡೇನೆಂದು ಕೋವಿ ಹಿಡಿದು ಹೊರಡುವುದನ್ನು ಬಿಡುತ್ತಾನೆ. ಎರಡು ವರ್ಷಗಳ ಮೇಲೆ, ೧೮೭೯ರಲ್ಲಿ, ಟಾಲ್‌ಸ್ಟಾಯ್ ತನ್ನ ‘ತಪ್ಪೊಪ್ಪಿಗೆ’ಯನ್ನು ಬರೆಯತೊಡಗಿದಾಗ ಅದೇ ಹಗ್ಗ, ಅದೇ ಕೋವಿ ಮತ್ತೆ ಬರುತ್ತವೆ. ಈ ಸಲ ಅವು ಟಾಲ್‌ಸ್ಟಾಯ್‌ನವೇ. ಉಪದೇಶಕನ ಸಂಕಟವನ್ನು ಕಾದಂಬರಿಕಾರನೇ ಮೊದಲು ಹೇಳಿಬಿಟ್ಟಿದ್ದನೆಂದಾಯಿತು. ಇಬ್ಬರಲ್ಲ, ಒಬ್ಬನೇ. ಆದರೆ ಒಂದೇ ಅನುಭವ ಎರಡು ರೂಪಗಳಲ್ಲಿ ಎರಡು ಬಗೆಯ ಸತ್ಯವಾಗುತ್ತದೆ. ನಾವು ಗಮನಿಸಬೇಕಾದುದು ಇದನ್ನು.

‘ತಪ್ಪೊಪ್ಪಿಗೆ’ಯ ವಾದ ಸರಳ. ಸಾವು ನಿಶ್ಚಯವಾದ ಮೇಲೆ ಬದುಕಿಗೆ ಏನು ಅರ್ಥ? ವಿಜ್ಞಾನ ಉತ್ತರ ಕೊಡಲಿಲ್ಲ; ತತ್ತ್ವಶಾಸ್ತ್ರ ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟಿತು. ಕೊನೆಗೆ ದುಡಿದು ತಿನ್ನುವ ರೈತರ ಬಾಳಿನಲ್ಲಿ ಅವನಿಗೆ ನಂಬುಗೆಯೆಂಬುದು ಕಂಡಿತು. ರಷ್ಯದಲ್ಲಿ ಚರ್ಚಿನ ಪರೀಕ್ಷಕರು ಇದರ ಮುದ್ರಣಕ್ಕೆ ಅಡ್ಡಬಂದುದರಿಂದ ಪುಸ್ತಕ ೧೮೮೪ರಲ್ಲಿ ಜಿನೀವಾದಿಂದ ಹೊರಬಂತು.

ಈ ಪುಸ್ತಕದ ನಡುವೆ ನಮಗೆ ಪರಿಚಿತವಾದುದೊಂದು ಕತೆಯಿದೆ. ಕಾಡುಮೃಗಕ್ಕೆ ಹೆದರಿ ಬಾವಿಗಿಳಿದವನೊಬ್ಬ ಕೊಂಬೆ ಹಿಡಿದು ತೂಗುತ್ತಿದ್ದಾನೆ. ಕೆಳಗೆ ಬಾಯ್ದೆರೆದ ಘಟಸರ್ಪ. ಬಿಳಿಯದೊಂದು ಕರಿಯದೊಂದು ಇಲಿ ಕೊಂಬೆಯ ಬುಡ ಕಡಿಯುತ್ತಿವೆ. ಎಲೆಯ ಮೇಲಿನ ಜೇನುಹನಿಗೆ ಅವನು ನಾಲಗೆ ಚಾಚುತ್ತಾನೆ. ಪೂರ್ವದೇಶದ ಹಳೆಯ ಕತೆಯೆಂದಷ್ಟೇ ಟಾಲ್‌ಸ್ಟಾಯ್ ಇದನ್ನು ಪರಿಚಯಿಸುತ್ತಾನೆ. ಇದು ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಕತೆ. ಜೈನರಲ್ಲಿ ‘ಮಧುಬಿಂದು’ವೆಂದು ಪ್ರಸಿದ್ಧವಾದುದು. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಅವನ ಭಾರತದಲ್ಲಿ ನಮಗೆ ಇದು ಸಿಕ್ಕುವುದಿಲ್ಲ. ಬುದ್ಧನ ಚರಿತ್ರೆಯೇ ಕ್ರೈಸ್ತ ಸಂತನ ಚರಿತ್ರೆಯಾಗಿ ಮಾರ್ಪಟ್ಟ ‘ಬಾರ್ಲಾಮ್ ಮತ್ತು ಜೋಸಾಫಾತ್’ ಕಥನದೊಂದಿಗೆ ಅದು ಯುರೋಪಿಗೆ ನಡೆಯಿತು.

ಆದರೆ ಕತೆ ಒಂದೇ ಆದರೂ ನೋವು ಬೇರೆ. ಜೇನು ಇನ್ನೂ ಸಿಹಿಯಾಗಿಯೇ ಇದೆ, ಅಷ್ಟು ಭಯದ ನಡುವೆಯೂ ಮನುಷ್ಯನಿಗೆ ವೈರಾಗ್ಯ ಬರುತ್ತಿಲ್ಲ ಎಂಬುದು ವಿದುರನ ವಿಷಾದ. ಜೇನು ಸಪ್ಪೆಯಾಯಿತಲ್ಲ ಎಂಬುದು ಟಾಲ್‌ಸ್ಟಾಯ್‌ನ ಗೋಳು. ಸಂಸಾರದ ಪ್ರೀತಿ ಒಂದು ಹನಿ, ಬರವಣಿಗೆಯ ಪ್ರೀತಿ ಇನ್ನೊಂದು. ಎರಡೂ ತನಗೆ ರುಚಿಸವು ಎನ್ನುತ್ತಾನೆ. ಹೀಗೆಂದವನು ಮುಂದೆ ‘ಇವಾನ್ ಇಲಿಚ್‌ನ ಮರಣ’ವನ್ನು ಬರೆದ. ಎರಡನೆಯ ಹನಿ ಪೂರ್ತಿ ಸಪ್ಪೆಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

೧೮೮೬ರಲ್ಲಿ ಪ್ರಕಟವಾದ ಆ ನೀಳ್ಗತೆಯ ನಾಯಕ ಒಬ್ಬ ನ್ಯಾಯಾಧೀಶ. ನಮ್ಮಂಥ ನೌಕರಿಯ ಜನ ಅವನನ್ನು ಓದಿದರೆ ಎದೆ ನಡುಗುತ್ತದೆ. ಬಡ್ತಿ, ಹೊಸ ಮನೆ, ಇಸ್ಪೀಟಾಟ, ನಾಲ್ವರು ಮೆಚ್ಚುವ ಸಂಸಾರ. ಕಿಟಕಿಗೆ ಪರದೆ ಕಟ್ಟಿಸುವಾಗ ಜಾರಿ ಪಕ್ಕೆಗೆ ಪೆಟ್ಟು. ಅಲ್ಲಿಂದ ಸಾವು ಆರಂಭ. ಮನುಷ್ಯರೆಲ್ಲ ಸಾಯುವವರೆಂದು ತರ್ಕಶಾಸ್ತ್ರದಲ್ಲಿ ಓದಿದ್ದ, ಅದು ತನಗೂ ಅನ್ವಯಿಸೀತೆಂದು ತಿಳಿದಿರಲಿಲ್ಲ. ವೈದ್ಯರೂ ಹೆಂಡತಿಯೂ ಇದು ಬರಿಯ ಕಾಯಿಲೆಯೆಂದೇ ನಟಿಸುತ್ತಾರೆ. ಸುಳ್ಳಾಡದವನು ಗೆರಾಸಿಮ್ ಎಂಬ ಹಳ್ಳಿಯ ಆಳು ಮಾತ್ರ. ಯಜಮಾನನ ಕಾಲುಗಳನ್ನು ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂರುತ್ತಾನೆ. ‘ತಪ್ಪೊಪ್ಪಿಗೆ’ ಪುಟಗಟ್ಟಲೆ ವಾದಿಸಿ ಸ್ಥಾಪಿಸಿದ ನಂಬುಗೆ ಇಲ್ಲಿ ಒಂದು ಹೆಗಲಾಗಿ ನಿಲ್ಲುತ್ತದೆ.

ಲೆವಿನ್‌ನ ವಿಷಯದಲ್ಲೂ ಕಾದಂಬರಿ ಪ್ರಬಂಧಕ್ಕಿಂತ ಪ್ರಾಮಾಣಿಕ. ಆತ್ಮಕ್ಕಾಗಿ ಬದುಕುವ ಮುದುಕನೊಬ್ಬನ ಸುದ್ದಿಯನ್ನು ರೈತನ ಬಾಯಲ್ಲಿ ಕೇಳಿ ಲೆವಿನ್ ಬೆಳಕು ಕಾಣುತ್ತಾನೆ. ಇನ್ನು ಯಾರೊಡನೆಯೂ ಜಗಳವಿಲ್ಲವೆಂದುಕೊಳ್ಳುತ್ತಾನೆ. ತುಸು ಹೊತ್ತಿನಲ್ಲೇ ಗಾಡಿಯವನು ಲಗಾಮಿಗೆ ಕೈಹಾಕಿದನೆಂದು ಅವನ ಮೇಲೆ ಸಿಡುಕುತ್ತಾನೆ! ನಂಬುಗೆ ಬಂದರೂ ಸಿಡುಕು ಹೋಗಲಿಲ್ಲ, ಸಿಡುಕಿದರೂ ನಂಬುಗೆ ಸುಳ್ಳಾಗಲಿಲ್ಲ. ಈ ಗಾಡಿಯವನಿಗೆ ‘ತಪ್ಪೊಪ್ಪಿಗೆ’ಯಲ್ಲಿ ಜಾಗವಿಲ್ಲ, ಅದರ ಕೊರತೆಯೂ ಅದೇ.

ಧರ್ಮಗುರುಗಳು ಟಾಲ್‌ಸ್ಟಾಯ್‌ನನ್ನು ೧೯೦೧ರಲ್ಲಿ ಚರ್ಚಿನಿಂದ ಹೊರಗಿಟ್ಟರು. ಆದರೆ ಅವನ ಧರ್ಮಾಭಿಮಾನದ ಮೇಲೆ ಎಲ್ಲರಿಗಿಂತ ಕಠಿಣವಾದ ತೀರ್ಪು ಕೊಟ್ಟವನು ಅವನೇ. ಅವನು ತೀರಿಕೊಂಡ ಮೇಲೆ, ೧೯೧೧ರಲ್ಲಿ, ಅಚ್ಚಾದ ‘ಫಾದರ್ ಸೆರ್ಗಿಯಸ್’ ಕತೆಯಲ್ಲಿ ರಾಜಮನೆತನದವನೊಬ್ಬ ಸನ್ಯಾಸಿಯಾಗುತ್ತಾನೆ. ಮೋಹವನ್ನು ಗೆಲ್ಲಲು ಬೆರಳನ್ನೇ ಕಡಿದುಕೊಳ್ಳುತ್ತಾನೆ. ಮಹಾತ್ಮನೆಂದು ಹೆಸರಾಗಿ, ಕೊನೆಗೆ ಬೀಳುತ್ತಾನೆ. ಆಮೇಲೆ ಹೋಗಿ ನೋಡುವುದು ಪಾಷೆಂಕಾ ಎಂಬ ಬಡವಿಧವೆಯನ್ನು. ಸಂಗೀತಪಾಠ ಹೇಳಿ ಮಗಳ ಸಂಸಾರ ಸಾಕುವ ಅವಳಿಗೆ ತಾನು ದೇವರಿಗಾಗಿ ಏನೂ ಮಾಡಿಲ್ಲವೆಂಬ ನಾಚಿಕೆ. ದೇವರ ಹೆಸರಿನಲ್ಲಿ ತಾನು ಜನರ ಮೆಚ್ಚುಗೆಗೆ ಬಾಳಿದೆ, ಜನರಿಗಾಗಿ ಬಾಳಿದ ಇವಳೇ ದೇವರಿಗಾಗಿ ಬಾಳಿದಳು ಎಂದು ಅವನಿಗೆ ಹೊಳೆಯುತ್ತದೆ. ಲೋಕಕ್ಕೆ ಗುರುವೆನಿಸಿಕೊಂಡವನು ಬರೆದಿಟ್ಟ ಕತೆಯಿದು ಎಂಬುದನ್ನು ಮರೆಯಬಾರದು.

ದೋಷಗಳಿಲ್ಲವೆಂದಲ್ಲ. ಟಾಲ್‌ಸ್ಟಾಯ್‌ನ ರೈತರು ಧಣಿಗಳಿಗೆ ಉತ್ತರ ತಂದುಕೊಡಲೆಂದೇ ಹುಟ್ಟಿದವರಂತೆ ಕಾಣುತ್ತಾರೆ. ಗೆರಾಸಿಮ್‌ಗೆ ಸಾವಿನ ಭಯವಿಲ್ಲವೆ? ಅವನ ಕಾಲಿಗೆ ಹೆಗಲು ಕೊಡುವವರು ಯಾರು? ಕತೆ ಕೇಳುವುದಿಲ್ಲ. ‘ಕಲೆಯೆಂದರೇನು?’ ಎಂಬ ಗ್ರಂಥದಲ್ಲಿ ತನ್ನ ಬರಹದಲ್ಲಿ ಎರಡು ಸಣ್ಣ ಕತೆಗಳ ಹೊರತು ಉಳಿದುದೆಲ್ಲ ಕೆಟ್ಟ ಕಲೆಯೆಂದು ತಳ್ಳಿಹಾಕಿದ ಹಟವನ್ನೂ ಸಮರ್ಥಿಸಲಾಗದು.

ಅವನ ಧಾರ್ಮಿಕ ಗದ್ಯಕ್ಕೆ ಚರಿತ್ರೆಯಲ್ಲಿ ಅದರದೇ ಸ್ಥಾನವುಂಟು. ‘ದೇವರ ರಾಜ್ಯ ನಿನ್ನೊಳಗೇ ಇದೆ’ ಎಂಬ ಪುಸ್ತಕ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರ ಮನಸ್ಸನ್ನು ತಿದ್ದಿತು. ೧೯೧೦ರಲ್ಲಿ ಜೋಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯ್ ಹೆಸರಿನ ಆಶ್ರಮವೇ ಎದ್ದಿತು. ಲೋಕದಲ್ಲಿ ಕೆಲಸ ಮಾಡಹೊರಟವರಿಗೆ ಪ್ರಬಂಧದ ನಿಶ್ಚಯ ಬೇಕು. ಆದರೆ ನಂಬಲೂ ಆಗದೆ ಬಿಡಲೂ ಆಗದೆ ನಡುವೆ ತೂಗುತ್ತಿರುವ ನಮ್ಮಂಥ ಬಹುಮಂದಿಗೆ ಕತೆಗಳೇ ಹೆಚ್ಚು ಹತ್ತಿರ. ‘ತಪ್ಪೊಪ್ಪಿಗೆ’ಯನ್ನು ಮೊದಲು ಓದಿ, ಆಮೇಲೆ ‘ಇವಾನ್ ಇಲಿಚ್’ನನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಮೊದಲನೆಯದರಲ್ಲಿ ಟಾಲ್‌ಸ್ಟಾಯ್ ತನಗೆ ಸಿಕ್ಕ ಉತ್ತರವನ್ನು ಹೇಳುತ್ತಾನೆ. ಎರಡನೆಯದರಲ್ಲಿ ಆ ಉತ್ತರಕ್ಕೆ ಒಬ್ಬ ಮನುಷ್ಯ ತೆರಬೇಕಾದ ಬೆಲೆಯನ್ನು ತೋರಿಸುತ್ತಾನೆ.